ನೆಲ ಡೊಂಕೇ ಇತ್ತಾ? ತಪ್ಪಿಹೋದ 2 ನಿಮಿಷ 14 ಸೆಕೆಂಡಿನ ಚರಿತ್ರೆ

ಭಾಗ 1
(ಫೋಟೋ: ಮೆಡಲ್, ಬಾಳೆಹಣ್ಣಿನ ಸಿಪ್ಪೆ, ಸಾಲ ತಂದ ವಾಚು)

4 ಗಂಟೆ 2 ನಿಮಿಷ 14 ಸೆಕೆಂಡು. ಇದು ನನ್ನ ಮೊದಲ ಮ್ಯಾರಥಾನ್ ಟೈಮು. 4 ಗಂಟೆಯೊಳಗೆ ಮುಗಿಸ್ತೀನಿ ಅಂತ ಮೂರು ತಿಂಗಳಿಂದ ಇದೇ ಪೇಜಲ್ಲಿ ನಿಮ್ಮ ತಲೆ ತಿಂದಿದ್ದೆ, ನೆನಪಿರಬೇಕು. ಹಾಸ್ಟೆಲ್ ಗೋಡೆ ಮೇಲೆ ಸುಣ್ಣದಲ್ಲಿ 3:59 ಅಂತ ಬರೆದು ವಾರ್ಡನ್ ಹತ್ರ ಬೈಸ್ಕೊಂಡಿದ್ದೂ ಕೆಲವರಿಗೆ ಗೊತ್ತು.

ಬೆಂಗಳೂರಲ್ಲಿ ಫಿನಿಶ್ ಲೈನ್ ದಾಟಿದಾಗ ಕೈಲಿದ್ದ ವಾಚು 42.73 ಕಿಲೋಮೀಟರ್ ತೋರಿಸ್ತಿತ್ತು. ಮ್ಯಾರಥಾನ್ ಅಂದ್ರೆ 42.195. ಅಂದ್ರೆ ಅರ್ಧ ಕಿಲೋಮೀಟರ್ ಜಾಸ್ತಿ ಓಡಿಸಿದ್ದಾರೆ! ವಾಚಲ್ಲಿ 42.2 ಆದಾಗ ಟೈಮು 3:59 ಚಿಲ್ಲರೆ ಇತ್ತು. ಸಿಟ್ಟು ನೆತ್ತಿಗೇರಿತು. ಅವತ್ತು ಸಂಜೆ ರೈಲು ಹತ್ತೋ ಮುಂಚೆನೇ ಸ್ಟೋರಿ ಹಾಕಿದೆ: ರಸ್ತೆ ಉದ್ದ ಇತ್ತು, ಆಯೋಜಕರು ಮೋಸ ಮಾಡಿದ್ರು, ನಂದು ನಿಜವಾಗ್ಲೂ 4 ಗಂಟೆ ಒಳಗೇ ಆಗಿದೆ ಅಂತ. ನಿಮ್ಮಲ್ಲಿ ತುಂಬಾ ಜನ ಶೇರ್ ಮಾಡಿದ್ರಿ. ಇಬ್ಬರು ಆ ಆಯೋಜಕರ ಪೇಜಿಗೇ ಹೋಗಿ ಬೈದು ಬಂದ್ರಿ.

ಮರುದಿನ ಊರಿಗೆ ಫೋನ್ ಮಾಡಿದೆ. ಅವ್ವ, "ಮುಗಿಸಿದೆಲ್ಲಪಾ, ಅದ ದೊಡ್ಡದು" ಅಂದಳು. ಅಜ್ಜ ಪಕ್ಕದಿಂದ ಫೋನ್ ಇಸ್ಕೊಂಡು ಪೂರ್ತಿ ಕಥೆ ಕೇಳಿದ. ಕೇಳಿ ಒಂದೇ ಮಾತು: "ಕುಣಿಯಾಕ ಬರಲಾರದಾಕಿ ನೆಲ ಡೊಂಕ ಅಂದ್ಲಂತ, ಹಂಗಾತಲೋ ನಿಂದು."

ಆ ಸ್ಟೋರಿ ಈಗ ಡಿಲೀಟ್ ಮಾಡಿದೀನಿ. ಅದರ ಬದಲಿಗೆ ಈ ಸರಣಿ. ಹಿಸ್ಟರಿ ವಿದ್ಯಾರ್ಥಿ ಅಲ್ವಾ, ನೆಲ ನಿಜವಾಗ್ಲೂ ಡೊಂಕಿತ್ತಾ ಅಂತ ನೋಡೋಕೆ ಹೋಗಿ ನೂರಿಪ್ಪತ್ತು ವರ್ಷ ಹಿಂದಕ್ಕೆ ಹೋದೆ. ಸ್ವಲ್ಪ ಉದ್ದ ಆಗಿದೆ. ಬಸ್ಸಲ್ಲಿ ಓದಿ.

ಭಾಗ 2
(ಫೋಟೋ: ನೋಟ್‌ಬುಕ್ಕಿನ ಪುಟ, ಆರು ಒಲಿಂಪಿಕ್ಸ್, ಆರು ದೂರ)

ಮೊದಲು ಆ 42.195 ಎಲ್ಲಿಂದ ಬಂತು ನೋಡೋಣ. ಗ್ರೀಕ್ ಸೈನಿಕ ಓಡಿಬಂದು ಗೆದ್ದೆವು ಅಂತ ಹೇಳಿ ಸತ್ತ ಕಥೆ ನಿಮಗೆಲ್ಲಾ ಗೊತ್ತು, ಅದನ್ನ ಬಿಡ್ತೀನಿ. ಆ ಕಥೆಗೂ ಈ ಸಂಖ್ಯೆಗೂ ಸಂಬಂಧವೇ ಇಲ್ಲ.

1896ರ ಅಥೆನ್ಸ್ ಒಲಿಂಪಿಕ್ಸಲ್ಲಿ ಓಡಿಸಿದ್ದು ಸುಮಾರು 40 ಕಿಲೋಮೀಟರ್. ಗೆದ್ದವನು ಸ್ಪಿರಿಡಾನ್ ಲೂಯಿಸ್, 2:58:50. 1900ರ ಪ್ಯಾರಿಸಲ್ಲಿ 40.26. 1904ರ ಸೇಂಟ್ ಲೂಯಿಸಲ್ಲಿ ಮತ್ತೆ 40ರ ಆಸುಪಾಸು. 1912ರ ಸ್ಟಾಕ್‌ಹೋಮಲ್ಲಿ 40.2. ಊರಿಗೊಂದು ಮ್ಯಾರಥಾನ್. ನಮ್ಮ ಕಡೆ ಹಿಂದೆ ಒಂದೊಂದು ಸಂತೆಯಲ್ಲಿ ಒಂದೊಂದು ಸೇರು ಇರ್ತಿತ್ತಂತಲ್ಲ, ಹಾಗೆ.

ಮಧ್ಯದಲ್ಲಿ ಒಂದು ಬಿಟ್ಟೆ, ಬೇಕಂತಲೇ. 1908ರ ಲಂಡನ್. ಅಲ್ಲಿ ಓಟ ಶುರುವಾಗಿದ್ದು ವಿಂಡ್ಸರ್ ಅರಮನೆಯ ಅಂಗಳದಲ್ಲಿ, ಮುಗಿದಿದ್ದು ವೈಟ್ ಸಿಟಿ ಸ್ಟೇಡಿಯಂನಲ್ಲಿ ರಾಜಮನೆತನದವರು ಕೂತಿದ್ದ ಜಾಗದ ಮುಂದೆ. ಆ ಎರಡು ಜಾಗದ ನಡುವಿನ ದೂರ 26 ಮೈಲಿ 385 ಗಜ. ಕಿಲೋಮೀಟರಲ್ಲಿ ಹೇಳಿದ್ರೆ 42.195. ಅಷ್ಟೇ ವಿಷಯ. ರಾಣಿಯ ಕುರ್ಚಿ ಇನ್ನೊಂದು ಕಡೆ ಇದ್ದಿದ್ರೆ ನನ್ನ ಮೊಣಕಾಲಿಗೆ ಸ್ವಲ್ಪ ಆರಾಮ ಸಿಗ್ತಿತ್ತು.

ಆ ಕೊನೆಯ 385 ಗಜ ಅಂದ್ರೆ 352 ಮೀಟರ್. ಇಟಲಿಯ ಡೊರಾಂಡೊ ಪಿಯೆಟ್ರಿ ಎಲ್ಲರಿಗಿಂತ ಮೊದಲು ಸ್ಟೇಡಿಯಂ ಒಳಗೆ ಬಂದ. ಬಂದವನೇ ದಿಕ್ಕು ತಪ್ಪಿದ, ಬಿದ್ದ, ಎದ್ದ, ಮತ್ತೆ ಬಿದ್ದ. ಅಧಿಕಾರಿಗಳು ಎಬ್ಬಿಸಿ ಗೆರೆ ದಾಟಿಸಿದ್ರು. ಬೇರೆಯವರ ಸಹಾಯ ತಗೊಂಡ ಅಂತ ಅವನನ್ನ ಅನರ್ಹ ಮಾಡಿ, ಅಮೆರಿಕದ ಜಾನಿ ಹೇಯ್ಸ್‌ಗೆ ಚಿನ್ನ ಕೊಟ್ರು. ಹೇಯ್ಸ್ ಟೈಮು 2:55:18.4. ಓಟ ಸ್ವಲ್ಪ ಮೊದಲೇ, ಸ್ಟೇಡಿಯಂ ಬಾಗಿಲಲ್ಲೇ ಮುಗಿಯೋದಾಗಿದ್ರೆ ಡೊರಾಂಡೊನೇ ಚಾಂಪಿಯನ್.

ಆದ್ರೂ 42.195 ಆಗಲೇ ನಿಯಮ ಆಗಲಿಲ್ಲ. ಆಗಿದ್ದು 1921ರಲ್ಲಿ. ಈ ವರ್ಷ ನೆನಪಿಟ್ಕೊಳ್ಳಿ, ಯಾಕಂದ್ರೆ ನಮ್ಮ ಜಿಲ್ಲೆಯವನೊಬ್ಬ ಓಡಿದ್ದು ಅದರ ಹಿಂದಿನ ವರ್ಷ.

ಭಾಗ 3
(ಫೋಟೋ: ಬೆಳಗಾವಿ ಕೋಟೆ ಕೆರೆ, ಹೋದ ದೀಪಾವಳಿಯಲ್ಲಿ ತೆಗೆದದ್ದು)

ನಮ್ಮ ಜಿಲ್ಲೆ ಅಂದ್ರೆ ಬೆಳಗಾವಿ. ಆಗ ಅದು ಮುಂಬಯಿ ಪ್ರಾಂತ್ಯದಲ್ಲಿತ್ತು. ಓಟಗಾರನ ಹೆಸರು ಫಡೆಪ್ಪ ದರೆಪ್ಪ ಚೌಗುಲೆ. ಒಲಿಂಪಿಕ್ ಮ್ಯಾರಥಾನ್ ಪೂರ್ತಿ ಓಡಿದ ಮೊದಲ ಭಾರತೀಯ. ನಾನು ಹುಟ್ಟಿ ಬೆಳೆದಿದ್ದು ಅದೇ ಜಿಲ್ಲೆಯಲ್ಲಿ. ಹನ್ನೆರಡು ವರ್ಷ ಶಾಲೆಗೆ ಹೋಗಿದೀನಿ, ಒಂದು ಸಲನೂ ಈ ಹೆಸರು ಕಿವಿಗೆ ಬಿದ್ದಿರಲಿಲ್ಲ. ಕಿಪ್ಚೋಗೆ ಎಷ್ಟು ಗಂಟೆಗೆ ಏಳ್ತಾನೆ ಅನ್ನೋದು ಮಾತ್ರ ಗೊತ್ತಿತ್ತು.

ಚೌಗುಲೆ ಅಲ್ಲಿಗೆ ಹೋಗಿದ್ದು ಹೇಗೆ ಅನ್ನೋದೇ ಒಂದು ಟೈಮಿನ ಕಥೆ. 1919ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾದಲ್ಲಿ ಕ್ರೀಡಾಕೂಟ ನಡೀತು. ಅದರ ಅಧ್ಯಕ್ಷರು ದೊರಾಬ್ಜಿ ಟಾಟಾ, ಜಮಶೇಟ್‌ಜಿಯವರ ಹಿರಿಯ ಮಗ. ಹೆಚ್ಚಿನ ಓಟಗಾರರು ರೈತಾಪಿ ಹುಡುಗರು. ಬರಿಗಾಲು. ತರಬೇತಿ ಅನ್ನೋದು ಹೆಸರಿಗೂ ಇಲ್ಲ. ಆದ್ರೆ ದೂರದ ಓಟದಲ್ಲಿ ಅವರು ತಗೊಂಡ ಸಮಯ ನೋಡಿ ಟಾಟಾ ಬೆರಗಾದ್ರು. ಯುರೋಪಿನ ಓಟಗಾರರ ಟೈಮಿನ ಪಕ್ಕ ಇಟ್ಟು ನೋಡಬಹುದಾದ ಟೈಮುಗಳು ಅಂತ ಅವರಿಗೆ ಅನ್ನಿಸಿತು. ಹತ್ತು ವರ್ಷ ಆದ್ಮೇಲೆ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷರಿಗೆ ಬರೆದ ಪತ್ರದಲ್ಲೂ ಅವರು ಇದನ್ನ ನೆನಪಿಸಿಕೊಂಡಿದ್ದಾರೆ.

ಮುಂಬಯಿ ಗವರ್ನರ್ ಜೊತೆ ಮಾತಾಯ್ತು, ಸಮಿತಿ ಆಯ್ತು, 1920ರ ಏಪ್ರಿಲ್‌ನಲ್ಲಿ ಆಯ್ಕೆ ಓಟ ನಡೀತು. ಕೆಲವು ಓಟಗಾರರು, ಇಬ್ಬರು ಕುಸ್ತಿಪಟುಗಳು ಹೊರಟರು. ಹಡಗಲ್ಲಿ ಮೊದಲು ಇಂಗ್ಲೆಂಡ್, ಅಲ್ಲಿ ಒಂದಷ್ಟು ತಯಾರಿ, ಆಮೇಲೆ ಬೆಲ್ಜಿಯಂನ ಆಂಟ್ವರ್ಪ್.

ಇಲ್ಲಿ ಸ್ವಲ್ಪ ನಿಂತು ಯೋಚ್ನೆ ಮಾಡಿ. ಪುಣೆಯ ರಸ್ತೆಯ ಟೈಮನ್ನ ಯುರೋಪಿನ ರಸ್ತೆಯ ಟೈಮಿಗೆ ಹೋಲಿಸಿ ಒಂದು ಆಸೆ ಹುಟ್ಟಿತು. ಯುರೋಪಲ್ಲೇ ಮ್ಯಾರಥಾನ್ ಒಂದೊಂದು ಊರಲ್ಲಿ ಒಂದೊಂದು ಉದ್ದ ಇದ್ದ ಕಾಲ ಅದು. ಟಾಟಾ ಮಾಡಿದ್ದು ತಪ್ಪು ಅಂತ ನಾನು ಹೇಳಲ್ಲ. ಅವರು ಹಾಗೆ ಹೋಲಿಸದೇ ಇದ್ದಿದ್ರೆ ಬೆಳಗಾವಿಯ ಹುಡುಗ ಹಡಗು ಹತ್ತುತ್ತಿರಲಿಲ್ಲ. ಒಬ್ಬ ಹಿಸ್ಟರಿ ಸ್ಟೂಡೆಂಟ್ ಆಗಿ ಮಾತ್ರ ಕೇಳಬೇಕು: ಯಾವ ಅಳತೆ, ಯಾರ ಅಳತೆ?

ಭಾಗ 4
(ಫೋಟೋ: ಲೈಬ್ರರಿಯ ಹಳೇ ಅಟ್ಲಾಸ್, ಬೆಲ್ಜಿಯಂ ಪುಟ)

1920ರ ಆಗಸ್ಟ್ 22. ಮೊದಲ ಮಹಾಯುದ್ಧ ಮುಗಿದು ಎರಡು ವರ್ಷನೂ ಆಗಿರಲಿಲ್ಲ. ಆಂಟ್ವರ್ಪ್ ಯುದ್ಧದಲ್ಲಿ ನಲುಗಿದ್ದ ಊರು. ಜರ್ಮನಿ, ಆಸ್ಟ್ರಿಯಾ, ಹಂಗೇರಿಯನ್ನ ಕರೆದೇ ಇರಲಿಲ್ಲ. ತರಾತುರಿಯಲ್ಲಿ ಕೂಟ ನಡೆಸಿದ್ರು. ಮ್ಯಾರಥಾನ್ ದಿನ ತಂಪು ಹವೆ, ಜೊತೆಗೆ ಮಳೆ.

ಸಾಲಿನಲ್ಲಿ ನಿಂತವರು 48 ಜನ. ಅವರಲ್ಲಿ ಇಬ್ಬರು ನಮ್ಮವರು, ಚೌಗುಲೆ ಮತ್ತು ಸದಾಶಿವ ದಾತಾರ್. ದಾತಾರ್‌ಗೆ ಓಟ ಮುಗಿಸೋಕೆ ಆಗಲಿಲ್ಲ. ಒಟ್ಟು 35 ಜನ ಮುಗಿಸಿದ್ರು.

ಗೆದ್ದವನು ಫಿನ್ಲೆಂಡಿನ ಹಾನೆಸ್ ಕೊಲೆಹ್ಮೈನನ್. 1912ರಲ್ಲೇ ಟ್ರ್ಯಾಕ್ ಮತ್ತು ಕ್ರಾಸ್ ಕಂಟ್ರಿಯಲ್ಲಿ ಮೂರು ಚಿನ್ನ ಗೆದ್ದಿದ್ದ ಮನುಷ್ಯ. ಟೈಮು 2:32:35.8. ಎಸ್ಟೋನಿಯಾದ ಯೂರಿ ಲೋಸ್ಮನ್ ಹದಿಮೂರು ಸೆಕೆಂಡಷ್ಟೇ ಹಿಂದೆ ಬಂದ. ಮೂರನೆಯವನು ಇಟಲಿಯ ವಲೇರಿಯೊ ಅರಿ. ಈತ ಗೆರೆ ದಾಟಿದ ಮೇಲೆ ಮೂರು ಸಲ ಲಾಗ ಹಾಕಿದನಂತೆ! ನಾನು ಗೆರೆ ದಾಟಿ ಮಾಡಿದ್ದು ವಾಂತಿ.

ಚೌಗುಲೆ 19ನೆಯವನಾಗಿ ಬಂದ. 2 ಗಂಟೆ 50 ನಿಮಿಷ 45.4 ಸೆಕೆಂಡು. ಗೆದ್ದವನಿಗಿಂತ 18 ನಿಮಿಷ ಹಿಂದೆ.

ಟೈಮನ್ನಷ್ಟೇ ನೋಡಿದ್ರೆ, "ಓಹ್, 2:50, ಪರವಾಗಿಲ್ಲ" ಅಂತ ಮುಂದಕ್ಕೆ ಹೋಗ್ತೀವಿ. ಈಗ್ಲೂ ನಮ್ಮ ಊರುಗಳ ಓಟಗಳಲ್ಲಿ 2:50 ಅನ್ನೋದು ಒಳ್ಳೇ ಕ್ಲಬ್ ಓಟಗಾರನ ಟೈಮು. ಆದ್ರೆ ಪುಣೆಯಲ್ಲಿ ಹುಟ್ಟಿದ ಆಸೆಗೆ ಹೋಲಿಸಿದ್ರೆ ಇದು ತಪ್ಪಿದ ಗುರಿ. ಪದಕ ಇಲ್ಲ, ಮೊದಲ ಹತ್ತರಲ್ಲೂ ಹೆಸರಿಲ್ಲ. ಕತೆ ಅಲ್ಲಿಗೇ ಮುಗೀತು ಅಂತ ಎಲ್ಲರೂ ಪುಟ ತಿರುಗಿಸಿದ್ದಾರೆ.

ನಾನೂ ತಿರುಗಿಸ್ತಿದ್ದೆ. ದೂರದ ಕಾಲಂ ಕಣ್ಣಿಗೆ ಬಿತ್ತು. ಆಂಟ್ವರ್ಪ್, 42.75 ಕಿಲೋಮೀಟರ್.

ಭಾಗ 5
(ಫೋಟೋ: ಕ್ಯಾಲ್ಕುಲೇಟರ್)

42.75. ಒಲಿಂಪಿಕ್ ಇತಿಹಾಸದಲ್ಲೇ ಅತಿ ಉದ್ದದ ಮ್ಯಾರಥಾನ್ ಅದು. ಇವತ್ತಿನ ಮ್ಯಾರಥಾನ್‌ಗಿಂತ 555 ಮೀಟರ್ ಜಾಸ್ತಿ. ಮುಂದಿನ ವರ್ಷ 42.195 ನಿಯಮ ಆಯ್ತು, 1924ರ ಪ್ಯಾರಿಸಿಂದ ಇವತ್ತಿನವರೆಗೂ ಒಲಿಂಪಿಕ್ಸಲ್ಲಿ ಅದೇ ನಡೀತಿದೆ. ಅಂದ್ರೆ ಚೌಗುಲೆ ಓಡಿದ್ದು ಅಳತೆ ಇಲ್ಲದ ಕಾಲದ ಕೊನೇ ಒಲಿಂಪಿಕ್ಸಲ್ಲಿ, ಅದೂ ಎಲ್ಲಕ್ಕಿಂತ ಉದ್ದದ ರಸ್ತೆಯಲ್ಲಿ.

ಲೆಕ್ಕ ಹಾಕಿದೆ. 2:50:45ನ್ನ 42.75ರಿಂದ ಭಾಗಿಸಿದ್ರೆ ಕಿಲೋಮೀಟರಿಗೆ 4 ನಿಮಿಷ, ಕೂದಲೆಳೆಯಷ್ಟು ಕಮ್ಮಿ. ಅದೇ ವೇಗದಲ್ಲಿ 42.195 ಓಡಿದ್ರೆ 2:48:32. ಎರಡು ನಿಮಿಷ 13 ಸೆಕೆಂಡು ಉಳಿತು.

ಎರಡು ನಿಮಿಷ 13 ಸೆಕೆಂಡು! ನಂದು ತಪ್ಪಿದ್ದು 2 ನಿಮಿಷ 14. ಲೈಬ್ರರಿಯಲ್ಲಿ ಕೂತು ನಿಜವಾಗ್ಲೂ ಮೈ ಜುಂ ಅಂತು. ನೋಡಿ, ನೂರು ವರ್ಷದ ಹಿಂದೆ ನಮ್ಮ ಜಿಲ್ಲೆಯವನಿಗೂ ಇದೇ ಅನ್ಯಾಯ, ಉದ್ದದ ರಸ್ತೆ, ಅಷ್ಟೇ ನಿಮಿಷ ಅಂತ ಸ್ಟೋರಿ ಟೈಪ್ ಮಾಡೋಕೆ ಶುರು ಮಾಡಿದೆ.

ರೂಮ್‌ಮೇಟ್ ಹೆಗಲ ಮೇಲಿಂದ ಓದಿದ. "ಲೇ, ಅಂವಾ ಓಡಿದ ರಸ್ತಾ ಉದ್ದ ಇತ್ತು ಅಂತ ಪುಸ್ತಕದಾಗ ಬರದಾರ. ನಿಂದು ಉದ್ದ ಇತ್ತು ಅಂತ ಯಾರ ಬರದಾರ? ನಿಮ್ಮ ಕಾಕಾನ ಮಗನ ವಾಚಾ?"

ಫೋನ್ ಕೆಳಗಿಟ್ಟೆ. ಅವನು ಮ್ಯಾಥ್ಸ್ ಹುಡುಗ. ಒಣ ಮಾತು, ಆದ್ರೆ ಸರಿ ಮಾತು.

ಇನ್ನೊಂದೂ ಇದೆ. ಆ 42.75 ರಸ್ತೆಯಲ್ಲಿ ಕೊಲೆಹ್ಮೈನನ್ ಕೂಡ ಓಡಿದ, 35ನೆಯವನೂ ಓಡಿದ. ಉದ್ದದ ರಸ್ತೆ ಚೌಗುಲೆಯ ಟೈಮನ್ನ ಬದಲಾಯಿಸಿತು, 19ನೇ ಸ್ಥಾನವನ್ನಲ್ಲ. ಈ ವ್ಯತ್ಯಾಸ ನನಗೆ ಹೊಳೆಯೋಕೆ ಎರಡು ದಿನ ಬೇಕಾಯ್ತು.

ಭಾಗ 6
(ಫೋಟೋ: ಸೈಕಲ್ ಚಕ್ರ, ಹತ್ತಿರದಿಂದ)

ಸರಿ, 1921ರಲ್ಲಿ ನಿಯಮ ಬಂತು. ಇನ್ನು ಎಲ್ಲಾ ಸರಿ ಹೋಯ್ತಾ? ಇಲ್ಲ. ಕಾಗದದ ಮೇಲೆ 42.195 ಬರೆಯೋದು ಸುಲಭ, ರಸ್ತೆ ಮೇಲೆ ಬರೆಯೋದು ಕಷ್ಟ.

ಅಮೆರಿಕದ ಬಾಸ್ಟನ್ ಮ್ಯಾರಥಾನ್ 1897ರಿಂದ ನಡೀತಿರೋ ಹಳೇ ಓಟ. ಅಲ್ಲಿ 1950ರ ದಶಕದಲ್ಲಿ ಟೈಮುಗಳು ಇದ್ದಕ್ಕಿದ್ದಂತೆ ಇಳಿಯತೊಡಗಿದವು. 1956ರಲ್ಲಿ ಫಿನ್ಲೆಂಡಿನ ಆಂಟಿ ವಿಸ್ಕಾರಿ 2:14:14ರಲ್ಲಿ ಗೆದ್ದ. ಮನುಷ್ಯರು ಇಷ್ಟು ಬೇಗ ಇಷ್ಟು ಜೋರಾದ್ರಾ ಅಂತ ಅನುಮಾನ ಬಂದು ರಸ್ತೆ ಅಳೆದ್ರು. ರಸ್ತೆ ರಿಪೇರಿ ಮಾಡುವಾಗ ತಿರುವುಗಳನ್ನ ನೇರ ಮಾಡಿದ್ದರಿಂದ ಕೋರ್ಸು ಒಂದು ಕಿಲೋಮೀಟರ್ ಆಸುಪಾಸು ಕಮ್ಮಿಯಾಗಿತ್ತು. 1951ರಿಂದ 56ರವರೆಗೆ ಓಡಿದವರದ್ದೆಲ್ಲಾ ಅದೇ ಕತೆ. 1957ರಲ್ಲಿ ಸರಿ ಮಾಡಿದ ರಸ್ತೆಯಲ್ಲಿ ಗೆದ್ದವನು ಜಾನ್ ಜೆ. ಕೆಲ್ಲಿ, ಟೈಮು 2:20:05. ನಮ್ಮೂರಲ್ಲಿ ಹೈವೇ ನೇರ ಆದ್ಮೇಲೆ ಬಸ್ ಟೈಮು ಕಮ್ಮಿಯಾದಾಗ ಡ್ರೈವರ್ ಹುಷಾರಾದ ಅಂತ ಯಾರೂ ಹೇಳಲ್ಲ. ಓಟದಲ್ಲಿ ಮಾತ್ರ ಹಾಗೇ ನಂಬ್ತೀವಿ.

ಆಮೇಲೆ ಬಂದವರು ಅಳತೆಯ ಹುಚ್ಚಿನವರು. ಇಂಗ್ಲೆಂಡಿನ ಜಾನ್ ಜೂವೆಲ್ 1960ರ ದಶಕದ ಶುರುವಿನಲ್ಲಿ ಸೈಕಲ್ಲಿಂದ ರಸ್ತೆ ಅಳೆಯೋ ಪದ್ಧತಿಯನ್ನ ಸರಿಯಾಗಿ ಬರೆದಿಟ್ಟರು. ಅದನ್ನ ಅಮೆರಿಕಕ್ಕೆ ತಂದವರು ಟೆಡ್ ಕಾರ್ಬಿಟ್, 1952ರ ಹೆಲ್ಸಿಂಕಿ ಒಲಿಂಪಿಕ್ಸಲ್ಲಿ ಮ್ಯಾರಥಾನ್ ಓಡಿದ್ದ ಕಪ್ಪು ಅಮೆರಿಕನ್, ಕೆಲಸದಲ್ಲಿ ಫಿಸಿಯೋಥೆರಪಿಸ್ಟ್. ನನ್ನ ಪ್ರಕಾರ ಈ ಇಬ್ಬರು ಮ್ಯಾರಥಾನಿಗೆ ಮಾಡಿದ್ದು ಯಾವ ಚಾಂಪಿಯನ್ ಮಾಡಿದ್ದಕ್ಕೂ ಕಮ್ಮಿಯಿಲ್ಲ, ಪೋಸ್ಟರ್ ಮಾತ್ರ ಯಾರೂ ಅಂಟಿಸಲ್ಲ.

ಪದ್ಧತಿ ಹೀಗೆ. ಮೊದಲು ಉಕ್ಕಿನ ಟೇಪಿಂದ ಒಂದು ನೇರ ದೂರವನ್ನ ಖಚಿತವಾಗಿ ಅಳೀಬೇಕು. ಅದರ ಮೇಲೆ ಸೈಕಲ್ ಓಡಿಸಿ ಚಕ್ರ ಎಷ್ಟು ಸಲ ತಿರುಗ್ತು ಅಂತ ಎಣಿಸಬೇಕು. ಆಮೇಲೆ ಅದೇ ಸೈಕಲ್ಲಲ್ಲಿ ಓಟದ ರಸ್ತೆಯಿಡೀ ಹೋಗಬೇಕು. ಎಣಿಸೋಕೆ ಮುಂದಿನ ಚಕ್ರಕ್ಕೆ ಹಾಕೋ ಪುಟ್ಟ ಯಂತ್ರವನ್ನ 1971ರಲ್ಲಿ ಅಲನ್ ಜೋನ್ಸ್ ಅನ್ನುವವರು ಮಾಡಿದ್ರು, ಅದಕ್ಕೆ ಜೋನ್ಸ್ ಕೌಂಟರ್ ಅಂತಲೇ ಹೆಸರು. ಇವತ್ತಿಗೂ ದೊಡ್ಡ ಮ್ಯಾರಥಾನ್‌ಗಳನ್ನ ಅಳೆಯೋದು ಸೈಕಲ್ಲಿಂದಲೇ. ಉಪಗ್ರಹದಿಂದ ಅಲ್ಲ!

ಭಾಗ 7
(ಫೋಟೋ: ತಿರುವಿನಲ್ಲಿ ಓಟಗಾರರು, ಒಬ್ಬರೂ ಒಳಗಿನ ಅಂಚಲ್ಲಿಲ್ಲ)

ಇಲ್ಲಿ ನನ್ನ ಕೇಸು ಬಿದ್ದುಹೋಯ್ತು. ನಿಧಾನವಾಗಿ ಓದಿ.

ಅಳೆಯುವವರು ರಸ್ತೆ ನಡುವೆ ಹೋಗಲ್ಲ. ಓಟಗಾರ ಹೋಗಬಹುದಾದ ಅತಿ ಹತ್ತಿರದ ದಾರಿಯಲ್ಲಿ ಹೋಗ್ತಾರೆ. ತಿರುವು ಬಂದ್ರೆ ಒಳಗಿನ ಅಂಚಿಂದ 30 ಸೆಂಟಿಮೀಟರ್ ದೂರದಲ್ಲಿ. ಎಡ ತಿರುವು ಆದ್ಮೇಲೆ ಬಲ ತಿರುವು ಇದ್ರೆ ಮಧ್ಯದಲ್ಲಿ ಓರೆಯಾಗಿ, ನೇರ ಗೆರೆ ಎಳೆದ ಹಾಗೆ. ಕೆಲವು ದೊಡ್ಡ ಓಟಗಳಲ್ಲಿ ಇದೇ ದಾರಿಗೆ ರಸ್ತೆ ಮೇಲೆ ನೀಲಿ ಗೆರೆ ಬಳಿದಿರ್ತಾರೆ.

ಅದಲ್ಲದೆ, ಸಣ್ಣ ತಪ್ಪಿಂದ ಕೋರ್ಸ್ ಕಮ್ಮಿಯಾಗಬಾರದು ಅಂತ ಸಾವಿರಕ್ಕೆ ಒಂದರಂತೆ ಜಾಸ್ತಿ ಸೇರಿಸ್ತಾರೆ. ಮ್ಯಾರಥಾನಿಗೆ ಅದು 42 ಮೀಟರ್. ಹೂವಿನವಳು ಮೊಳ ಅಳೆದ ಮೇಲೆ ಇನ್ನೊಂದು ಎಳೆ ಬಿಡ್ತಾಳಲ್ಲ, ಹಾಗೆ.

ನಾನು ಓಡಿದ್ದು ಹೇಗೆ? ಜನರನ್ನ ದಾಟೋಕೆ ಎಡಕ್ಕೆ ಬಲಕ್ಕೆ. ನೀರಿನ ಟೇಬಲ್ ಕಂಡ ಕಡೆಗೆಲ್ಲಾ ಅಡ್ಡ. ಫ್ಲೈಓವರ್ ಇಳಿದು ಬರುವಾಗ ಪೂರ್ತಿ ಹೊರಗಿನ ಅಂಚಲ್ಲಿ, ಯಾಕಂದ್ರೆ ಅಲ್ಲಿ ನೆರಳಿತ್ತು. ಕ್ಯಾಮೆರಾ ಕಂಡಲ್ಲಿ ಒಂದು ಸಲ ಹಿಂದಕ್ಕೂ ಓಡಿದೀನಿ, ವಿಡಿಯೋ ಸಾಕ್ಷಿ ಇದೆ. ಆ ಮೀಟರ್‌ಗಳೆಲ್ಲಾ ನನ್ನವು, ಆಯೋಜಕರದ್ದಲ್ಲ.

ವಾಚಿನ ಕಥೆ ಬೇರೆ. ಅದು ಒಂದಷ್ಟು ಸೆಕೆಂಡಿಗೊಮ್ಮೆ ಉಪಗ್ರಹದಿಂದ ನಾನೆಲ್ಲಿದೀನಿ ಅಂತ ಕೇಳಿ ಚುಕ್ಕೆ ಇಡುತ್ತೆ, ಚುಕ್ಕೆಗಳನ್ನ ಜೋಡಿಸುತ್ತೆ. ಎತ್ತರದ ಬಿಲ್ಡಿಂಗ್ ನಡುವೆ, ಸೇತುವೆ ಕೆಳಗೆ ಸಿಗ್ನಲ್ ಗೋಡೆಗೆ ಬಡಿದು ಬರುತ್ತೆ, ಚುಕ್ಕೆ ಪಕ್ಕದ ಅಂಗಡಿಯೊಳಗೆ ಬೀಳುತ್ತೆ. ನನ್ನ ಮ್ಯಾಪ್ ದೊಡ್ಡದು ಮಾಡಿ ನೋಡಿದೆ. ಒಂದು ಕಡೆ ನಾನು ಬಟ್ಟೆ ಅಂಗಡಿ ಗೋಡೆ ತೂರಿ ಆ ಕಡೆಯಿಂದ ಹೊರಗೆ ಬಂದಿದೀನಿ. ಹೀಗೆ ಅಂಕುಡೊಂಕು ಆದಾಗ ದೂರ ಸಾಮಾನ್ಯವಾಗಿ ಜಾಸ್ತಿನೇ ತೋರಿಸುತ್ತೆ.

ಅಜ್ಜ ಹೇಳಿದ್ದು ಅಕ್ಷರಶಃ ನಿಜ ಆಯ್ತು. ಡೊಂಕು ನೆಲದ್ದಲ್ಲ.

ಭಾಗ 8
(ಫೋಟೋ: ಇಲ್ಲ, ಬರೀ ಅಕ್ಷರ)

ಹಾಗಂತ ಆಯೋಜಕರು ಯಾವತ್ತೂ ತಪ್ಪು ಮಾಡಲ್ಲ ಅಂತ ತಿಳ್ಕೋಬೇಡಿ. ಮಾಡಿದ್ದಾರೆ, ದೊಡ್ಡ ದೊಡ್ಡವರೇ.

1981ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಮ್ಯಾರಥಾನ್ ಗೆದ್ದವನು ಅಲ್ಬರ್ಟೊ ಸಲಜಾರ್. 2:08:13, ಜಗತ್ತಿನ ಅತ್ಯುತ್ತಮ ಟೈಮು ಅಂತ ಲೋಕವೆಲ್ಲಾ ಸುದ್ದಿ. ಕೆಲವು ವರ್ಷದ ಮೇಲೆ ಸೈಕಲ್ ತಗೊಂಡು ಮತ್ತೆ ಅಳೆದಾಗ ಕೋರ್ಸು ಸುಮಾರು 148 ಮೀಟರ್ ಕಮ್ಮಿ ಇತ್ತು. ಅವನ ವೇಗದಲ್ಲಿ ಅದು ಇಪ್ಪತ್ತೇಳು ಸೆಕೆಂಡು. ದಾಖಲೆ ಹೋಯ್ತು. ಅದೇ ವರ್ಷ ಡಿಸೆಂಬರ್‌ನಲ್ಲಿ ಜಪಾನಿನ ಫುಕುವೊಕಾದಲ್ಲಿ 2:08:18 ಓಡಿದ್ದ ಆಸ್ಟ್ರೇಲಿಯಾದ ರಾಬರ್ಟ್ ಡಿ ಕ್ಯಾಸ್ಟೆಲ್ಲಾ, ಐದು ಸೆಕೆಂಡಲ್ಲಿ ದಾಖಲೆ ತಪ್ಪಿತು ಅಂತ ಮನೆಗೆ ಹೋಗಿದ್ದ ಮನುಷ್ಯ, ಹಿಂದಿನಿಂದ ಲೆಕ್ಕ ಹಾಕಿದಾಗ ಅವತ್ತೇ ಗೆದ್ದಿದ್ದ! ಓಡುವಾಗ ಅವನಿಗದು ಗೊತ್ತಿರಲಿಲ್ಲ. ಈ ಸರಣಿಯಲ್ಲಿ ನನಗೆ ಅತಿ ಇಷ್ಟವಾದ ಮನುಷ್ಯ ಇವನು.

ಇಂಗ್ಲೆಂಡಿನ ಮ್ಯಾಂಚೆಸ್ಟರ್ ಮ್ಯಾರಥಾನ್ 2013, 14, 15 ಮೂರೂ ವರ್ಷ 380 ಮೀಟರ್ ಕಮ್ಮಿ ಇತ್ತು. ಗೊತ್ತಾಗಿದ್ದು 2016ರಲ್ಲಿ. ಸುಮಾರು 24 ಸಾವಿರ ಜನರ ಟೈಮು ಒಂದೇ ದಿನ ಸುಳ್ಳಾಯ್ತು. ಅವರಲ್ಲಿ ಎಷ್ಟು ಜನ ಮನೆ ಗೋಡೆ ಮೇಲೆ 3:59 ಅಂತ ಫ್ರೇಮ್ ಹಾಕಿಸಿದ್ರೋ. ಅಲ್ಲಿ ಒಬ್ಬರೂ ಮೋಸ ಮಾಡಿರಲಿಲ್ಲ, ಎಲ್ಲರೂ ಬೆವರು ಸುರಿಸಿ ಓಡಿದ್ದರು.

ಅದಕ್ಕೆ ಉಲ್ಟಾ 2021ರ ಬ್ರೈಟನ್ ಮ್ಯಾರಥಾನ್. ಅಲ್ಲಿ ತಿರುವಿನ ಕೋನ್ ತಪ್ಪು ಜಾಗದಲ್ಲಿಟ್ಟು ಕೋರ್ಸು 568 ಮೀಟರ್ ಉದ್ದ ಆಯ್ತು. ಆಂಟ್ವರ್ಪ್ 555, ಬ್ರೈಟನ್ 568. ಚೌಗುಲೆಗೆ ನೂರೊಂದು ವರ್ಷದ ಮೇಲೆ ಸಾವಿರಾರು ಜೊತೆಗಾರರು ಸಿಕ್ಕರು ಅನ್ನಬಹುದು. ವ್ಯತ್ಯಾಸ ಇಷ್ಟೇ, ಬ್ರೈಟನ್‌ನವರು ಅವತ್ತೇ ಪ್ರಶ್ನೆ ಕೇಳಿದ್ರು, ಆಯೋಜಕರು ಒಪ್ಪಿಕೊಂಡ್ರು. 1920ರಲ್ಲಿ ಅದು ತಪ್ಪೇ ಅಲ್ಲ, ಅವತ್ತಿನ ಮ್ಯಾರಥಾನ್ ಅಷ್ಟುದ್ದ ಇತ್ತು, ಮುಗೀತು.

ಭಾಗ 9
(ಫೋಟೋ: ಹಾಸ್ಟೆಲ್ ಗೋಡೆ, 3:59 ಅರ್ಧ ಅಳಿಸಿದೆ)

ಕಾಮೆಂಟಲ್ಲಿ ಒಬ್ಬಳು ಕೇಳಿದ್ದಳು: 4:02 ಆದ್ರೇನು, 3:59 ಆದ್ರೇನು, ಯಾಕಿಷ್ಟು ಹಾರಾಟ? ನ್ಯಾಯವಾದ ಪ್ರಶ್ನೆ.

ಉತ್ತರ ಇಲ್ಲ, ಆದ್ರೆ ಜೊತೆಗಾರರಿದ್ದಾರೆ. ಸುಮಾರು 98 ಲಕ್ಷ ಮ್ಯಾರಥಾನ್ ಟೈಮುಗಳನ್ನ ಒಟ್ಟು ಹಾಕಿ ಅಮೆರಿಕದ ಸಂಶೋಧಕರು ಒಂದು ಅಧ್ಯಯನ ಮಾಡಿದ್ದಾರೆ, 2017ರಲ್ಲಿ ಪ್ರಕಟ ಆಯ್ತು. 3 ಗಂಟೆ, ಮೂರೂವರೆ, 4 ಗಂಟೆ, ಈ ದುಂಡು ಅಂಕಿಗಳ ಸ್ವಲ್ಪ ಮುಂಚೆ ಗೆರೆ ದಾಟುವವರ ಗುಂಪು ದೊಡ್ಡದು, ದಾಟಿದ ತಕ್ಷಣ ಗುಂಪು ತೆಳ್ಳಗಾಗುತ್ತೆ. ಮನುಷ್ಯನ ಕಾಲಿಗೆ 4 ಗಂಟೆ ಅಂದ್ರೆ ಏನಂತ ಗೊತ್ತಿಲ್ಲ, ತಲೆಗೆ ಗೊತ್ತು. 3:59ರ ಗುಂಪಿನಲ್ಲಿ ನಾನಿರಬೇಕಿತ್ತು, ಖಾಲಿ ಜಾಗದಲ್ಲಿ ನಿಂತಿದೀನಿ.

ಎಲಿಯುಡ್ ಕಿಪ್ಚೋಗೆಗೂ ಒಂದು ದುಂಡು ಅಂಕಿ ಇತ್ತು, 2 ಗಂಟೆ. 2017ರ ಮೇ 6, ಇಟಲಿಯ ಮೊಂಜಾ ರೇಸ್ ಟ್ರ್ಯಾಕ್. ಗಾಳಿ ತಡೆಯೋಕೆ ಮುಂದೆ ಓಟಗಾರರ ಗುಂಪು, ಅವರ ಮುಂದೆ ಕಾರು, 2.4 ಕಿಲೋಮೀಟರಿನ ಸುತ್ತು. ಅಳತೆ, ಹವೆ, ಬೂಟು ಎಲ್ಲಾ ಲೆಕ್ಕ ಹಾಕಿ ಇಟ್ಟಿದ್ದರು. ಆದ್ರೂ 2:00:25. ಇಪ್ಪತ್ತಾರು ಸೆಕೆಂಡ್ ಬೇಕಿತ್ತು. ಅಲ್ಲಿ ನೆಲ ಡೊಂಕು ಅನ್ನೋಕೆ ಅವಕಾಶವೇ ಇರಲಿಲ್ಲ. 2019ರ ಅಕ್ಟೋಬರಲ್ಲಿ ವಿಯೆನ್ನಾದಲ್ಲಿ 1:59:40 ಓಡಿದ. ಅಷ್ಟೊಂದು ಏರ್ಪಾಡು ಮಾಡಿದ್ದಕ್ಕೇ ಅದನ್ನ ಅಧಿಕೃತ ದಾಖಲೆ ಅಂತ ಸೇರಿಸಲಿಲ್ಲ.

ಕೀನ್ಯಾದವನೇ ಇನ್ನೊಬ್ಬ, ಕೆಲ್ವಿನ್ ಕಿಪ್ಟಮ್. 2023ರ ಅಕ್ಟೋಬರ್ 8, ಶಿಕಾಗೋ. ನಿಜವಾದ ಓಟ, ಅಳೆದ ರಸ್ತೆ, 2:00:35, ವಿಶ್ವದಾಖಲೆ. 2024ರ ಏಪ್ರಿಲ್‌ನಲ್ಲಿ ರಾಟರ್‌ಡ್ಯಾಮಲ್ಲಿ 2 ಗಂಟೆ ಒಳಗೆ ಓಡೋ ಪ್ರಯತ್ನ ಮಾಡ್ತೀನಿ ಅಂತ ತಯಾರಾಗ್ತಿದ್ದ. ಫೆಬ್ರವರಿ 11ರಂದು ರಸ್ತೆ ಅಪಘಾತದಲ್ಲಿ ಅವನೂ ಅವನ ಕೋಚೂ ಇಬ್ಬರೂ ಹೋದರು. ವಯಸ್ಸು 24. ನಮ್ಮ ಸೀನಿಯರ್‌ಗಳ ವಯಸ್ಸು. ಇದನ್ನ ಬರೆಯುವಾಗ ನನ್ನ 2 ನಿಮಿಷದ ಬಗ್ಗೆ ಮಾತಾಡೋಕೆ ನಾಚಿಕೆ ಆಯ್ತು.

ಭಾಗ 10, ಕೊನೆ
(ಫೋಟೋ: ರೂಮ್‌ಮೇಟ್, ಸೈಕಲ್, ಕಡ್ಡಿಗೆ ಕಟ್ಟಿದ ಕೆಂಪು ಬಟ್ಟೆ)

ಒಂದು ಸಂಗತಿ ಉಳಿದಿದೆ. ವಾಚು ಓಟದ ದಿನಕ್ಕಷ್ಟೇ ಸಾಲ ತಂದಿದ್ದು. ತಯಾರಿ ಪೂರ್ತಿ ಮಾಡಿದ್ದು ನಮ್ಮ ಕ್ಯಾಂಪಸ್ ಸುತ್ತಿನಲ್ಲಿ, ಫೋನಿನ ಸ್ಟಾಪ್‌ವಾಚ್ ಇಟ್ಕೊಂಡು. ಆ ಸುತ್ತು ಒಂದು ಕಿಲೋಮೀಟರ್ ಅಂತ ನಮ್ಮ ಸೀನಿಯರ್ಸ್ ಹೇಳಿದ್ರು, ಅವರಿಗೆ ಅವರ ಸೀನಿಯರ್ಸ್. 32 ಸುತ್ತನ್ನ ಸುತ್ತಿಗೆ 5 ನಿಮಿಷ 40 ಸೆಕೆಂಡಿನಂತೆ ಓಡಿದ ದಿನವೇ ಗೋಡೆ ಮೇಲೆ 3:59 ಬರೆದಿದ್ದು. ಅದೇ ವೇಗದಲ್ಲಿ 42.195 ಓಡಿದ್ರೆ 3:59:06 ಆಗುತ್ತೆ. ಲೆಕ್ಕ ಪಕ್ಕಾ.

"ಆ ಸುತ್ತು ಯಾರರ ಅಳದಾರೇನು?" ಅಂದ ರೂಮ್‌ಮೇಟ್.

ಭಾನುವಾರ ಬೆಳಿಗ್ಗೆ ಇಳಿದ್ವಿ. ಸಿವಿಲ್ ಡಿಪಾರ್ಟ್‌ಮೆಂಟಿನ ಗೆಳೆಯ ಉಕ್ಕಿನ ಟೇಪ್ ತಂದ. ನೇರ ರಸ್ತೆಯಲ್ಲಿ 300 ಮೀಟರ್ ಅಳೆದು ಗುರುತು ಮಾಡಿದ್ವಿ. ಸೈಕಲ್ ಕಡ್ಡಿಗೆ ಕೆಂಪು ಬಟ್ಟೆ ಕಟ್ಟಿ ತಳ್ಳಿಕೊಂಡು ಹೋದ್ವಿ: 142 ಸುತ್ತು, ಮತ್ತರ್ಧ. ಆಮೇಲೆ ಕ್ಯಾಂಪಸ್ ಸುತ್ತು, ಒಳಗಿನ ಅಂಚಿಂದ ಒಂದು ಗೇಣು ಬಿಟ್ಟು. ಎಣಿಸೋದರಲ್ಲಿ ಎರಡು ಸಲ ತಪ್ಪಿತು, ಮೂರನೇ ಸಲ ಇಬ್ಬರ ಲೆಕ್ಕವೂ ಕೂಡಿತು. 468.

985 ಮೀಟರ್.

15 ಮೀಟರ್ ಕಮ್ಮಿ. ನನ್ನ 32 ಕಿಲೋಮೀಟರ್ ನಿಜಕ್ಕೆ ಮೂವತ್ತೊಂದೂವರೆ. ಸುತ್ತಿಗೆ 5:40 ಅಂದ್ರೆ ಕಿಲೋಮೀಟರಿಗೆ 5:45. ರೂಮ್‌ಮೇಟ್ ಅಲ್ಲೇ ಮಣ್ಣಲ್ಲಿ ಕಡ್ಡಿಯಿಂದ ಲೆಕ್ಕ ಹಾಕಿದ. ಆ ವೇಗದಲ್ಲಿ ಮ್ಯಾರಥಾನ್ ಓಡಿದ್ರೆ 4 ಗಂಟೆ 2 ನಿಮಿಷ 41 ಸೆಕೆಂಡು. ನಾನು ಓಡಿದ್ದು 4:02:14.

ಬೆಂಗಳೂರಿನ ರಸ್ತೆಯಲ್ಲಿ ನಾನು ಏನನ್ನೂ ಕಳ್ಕೊಂಡಿರಲಿಲ್ಲ. ತಯಾರಿಯಲ್ಲಿ ಓಡಿದ್ದಕ್ಕಿಂತ ಒಂದು ಚೂರು ಜೋರಾಗೇ ಓಡಿದ್ದೆ. ಆ 3:59 ನನ್ನ ಕಾಲಿಂದ ಬಂದಿರಲಿಲ್ಲ, ಯಾರೋ ಸೀನಿಯರ್ ಬಾಯಿಂದ ಬಂದಿತ್ತು.

ಆಯೋಜಕರ ಪೇಜಿಗೆ ಹೋಗಿ ಕ್ಷಮೆ ಕೇಳಿ ಬಂದಿದೀನಿ. ಬೈದ ಆ ಇಬ್ಬರೂ ದಯವಿಟ್ಟು ನಿಮ್ಮ ಕಾಮೆಂಟ್ ತೆಗೀರಿ. ಅಜ್ಜನಿಗೂ ಫೋನ್ ಮಾಡಿ ಹೇಳಿದೆ. "ಹಂಗಾರ ನೆಲ ಡೊಂಕ ಇತ್ತು ಅನ್ನು, ಆದ್ರ ಧಾರವಾಡದಾಗ" ಅಂತ ನಕ್ಕ.

ಈಗ ಸುತ್ತನ್ನ ಸರಿ ಮಾಡಿದೀವಿ. ಲೈಬ್ರರಿ ತಿರುವಿನಲ್ಲಿ ಬೇವಿನ ಮರದ ಹತ್ತಿರವೇ ತಿರುಗ್ತಿದ್ವಲ್ಲ, ಇನ್ಮೇಲೆ ಏಳೂವರೆ ಮೀಟರ್ ಮುಂದೆ ಹೋಗಿ ದೀಪದ ಕಂಬ ಸುತ್ತಿ ಬರಬೇಕು. ಕಂಬಕ್ಕೆ ಸುಣ್ಣ ಬಳಿದಿದೀವಿ. ನಿನ್ನೆಯಿಂದ ಜೂನಿಯರ್ಸ್ ಎಲ್ಲಾ ನಮ್ಮಿಬ್ಬರನ್ನೂ ಬೈತಿದಾರೆ, ಒಂದೇ ರಾತ್ರಿಯಲ್ಲಿ ಅವರ ಟೈಮೆಲ್ಲಾ ಕೆಟ್ಟೋಯ್ತಂತೆ.